ಗಂಟು ಕೊಟ್ಟರೆ ಅಂಗಡಿ ನಡೆಯುವುದಿಲ್ಲ

ಸೇನೆಗೆ ನಾಲ್ಕು ವರ್ಷದ ಮಟ್ಟಿಗೆ ಸೈನಿಕರನ್ನು ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆಯನ್ನು ಕೇಂದ್ರ ಸರ್ಕಾರ ಪ್ರಕಟಿಸಿದ್ದು 2022ರ ಜೂನ್ 14ರಂದು. ನಾಲ್ಕೇ ದಿನಕ್ಕೆ ಧಾರವಾಡದ ರಸ್ತೆಯಲ್ಲಿ ಪೊಲೀಸರು ಲಾಠಿ ಬೀಸಿದರು. ಭರ್ತಿಗೆಂದು ವರ್ಷಗಟ್ಟಲೆ ನಸುಕಿನಲ್ಲೆದ್ದು ಓಡಿ ಮೈ ಹುರಿಗಟ್ಟಿಸಿಕೊಂಡಿದ್ದ ಹುಡುಗರು ಅಲ್ಲಿ ಬೀದಿಗಿಳಿದಿದ್ದರು. ನಾಲ್ಕು ವರ್ಷದ ಮೇಲೆ ನಾವೆಲ್ಲಿಗೆ ಹೋಗಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು. ದೆಹಲಿಯಿಂದ ಬಂದ ಉತ್ತರಗಳಲ್ಲಿ ಒಂದು ಹೀಗಿತ್ತು: ಸ್ವಂತ ಉದ್ಯೋಗ ಮಾಡಿ, ಕೈಯಲ್ಲಿ 11.71 ಲಕ್ಷ ರೂಪಾಯಿ ಇರುತ್ತದೆ.

ಸೇನೆಯ ಸರಾಸರಿ ವಯಸ್ಸು ಇಳಿಯಬೇಕೇ, ನಾಲ್ಕು ವರ್ಷದಲ್ಲಿ ಸೈನಿಕ ತಯಾರಾಗುತ್ತಾನೆಯೇ ಎಂದು ಸಾಕಷ್ಟು ಜಗಳವಾಯಿತು. 2024ರ ಲೋಕಸಭಾ ಚುನಾವಣೆಯಲ್ಲಿ ಯೋಜನೆಯನ್ನೇ ರದ್ದು ಮಾಡುವುದಾಗಿ ಕಾಂಗ್ರೆಸ್ ಪ್ರಣಾಳಿಕೆಯಲ್ಲಿ ಬರೆಯಿತು. ಆದರೆ ಸ್ವಂತ ಉದ್ಯೋಗವೆಂಬ ಆ ಉತ್ತರವನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಲೆಕ್ಕ ಹಾಕಿ ನೋಡಿದವರು ಕಡಿಮೆ. 2022ರ ಕೊನೆಯಲ್ಲಿ ತರಬೇತಿ ಶುರುಮಾಡಿದ ಮೊದಲ ತಂಡದ ಅವಧಿ 2026ರ ಕೊನೆಗೆ ಮುಗಿಯುತ್ತದೆ. ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಸೇನೆಯಲ್ಲಿ ಉಳಿಯಬಹುದು. ಮಿಕ್ಕವರು ಊರಿಗೆ ಬರುತ್ತಾರೆ.

ಮೊದಲು ಆ 11.71 ಲಕ್ಷದ ಗಂಟನ್ನೇ ಬಿಚ್ಚಿ ನೋಡಬೇಕು. ಈ ಯೋಜನೆಯಡಿ ಸೇರಿದ ಸೈನಿಕನಿಗೆ ಅಗ್ನಿವೀರ ಎಂದು ಹೆಸರು. ಅವನ ತಿಂಗಳ ಸಂಬಳ ಮೊದಲ ವರ್ಷ 30,000 ರೂಪಾಯಿ, ನಾಲ್ಕನೆಯ ವರ್ಷ 40,000. ಅದರಲ್ಲಿ ಪ್ರತಿ ತಿಂಗಳೂ ನೂರಕ್ಕೆ ಮೂವತ್ತರಂತೆ ಹಿಡಿದು ಸೇವಾ ನಿಧಿಗೆ ಹಾಕುತ್ತಾರೆ. ನಾಲ್ಕು ವರ್ಷಕ್ಕೆ ಅದು 5.02 ಲಕ್ಷ. ಸರ್ಕಾರ ಅಷ್ಟನ್ನೇ ಸೇರಿಸುತ್ತದೆ, ಬಡ್ಡಿ ಕೂಡಿ 11.71 ಲಕ್ಷ ಆಗುತ್ತದೆ. ತೆರಿಗೆ ಇಲ್ಲ ನಿಜ. ಆದರೆ ಅಸಲಿನಲ್ಲಿ ಅರ್ಧ ಅವನದೇ ಬೆವರಿನ ಸಂಬಳ. ಅದನ್ನು ಸರ್ಕಾರದ ಕೊಡುಗೆಯೆಂದು ಕರೆಯುವುದು ಸರಿಯಲ್ಲ. ಇದಲ್ಲದೆ ಪಿಂಚಣಿ ಇಲ್ಲ, ಗ್ರಾಚ್ಯುಟಿಯೂ ಇಲ್ಲ.

ಹಳೆಯ ಪದ್ಧತಿಯಲ್ಲಿ ಹದಿನೈದು ವರ್ಷ ಮುಗಿಸಿದ ಜವಾನನಿಗೆ ಪಿಂಚಣಿಯ ಹಕ್ಕು ಬರುತ್ತಿತ್ತು. ಅದರಲ್ಲಿ ಅರ್ಧದವರೆಗೆ ಮುಂಗಡವಾಗಿ ಒಟ್ಟಿಗೆ ಪಡೆದು ಮನೆ ಕಟ್ಟಿಸಬಹುದಿತ್ತು, ಅಂಗಡಿ ಹಾಕಬಹುದಿತ್ತು. ಅದಾದ ಮೇಲೂ ಪ್ರತಿ ತಿಂಗಳು ಬ್ಯಾಂಕಿಗೆ ಒಂದಿಷ್ಟು ದುಡ್ಡು ಬೀಳುತ್ತಲೇ ಇರುತ್ತಿತ್ತು. ಬೆಳಗಾವಿ ಜಿಲ್ಲೆಯಲ್ಲಾಗಲಿ ಕೊಡಗಿನಲ್ಲಾಗಲಿ ಮಾಜಿ ಸೈನಿಕರೊಬ್ಬರ ಅಂಗಡಿ ಇಪ್ಪತ್ತು ವರ್ಷ ನಿಂತಿದ್ದರೆ ಅದರ ಬೆನ್ನಿಗೆ ಈ ತಿಂಗಳ ದುಡ್ಡು ಇರುತ್ತದೆ. ಸಣ್ಣ ಊರಿನ ಕಿರಾಣಿ ವ್ಯಾಪಾರ ನಡೆಯುವುದೇ ಉದ್ದರಿಯ ಮೇಲೆ. ಬಿತ್ತನೆ ಹೊತ್ತಿಗೆ ಸಾಮಾನು ಒಯ್ದವರು ಸುಗ್ಗಿಯಾದ ಮೇಲೆ ಬಾಕಿ ತೀರಿಸುತ್ತಾರೆ. ಮಳೆ ಕೈಕೊಟ್ಟರೆ ಅದೂ ಮುಂದಿನ ವರ್ಷಕ್ಕೆ. ಆದರೆ ಸಗಟು ವ್ಯಾಪಾರಿ ವಾರಕ್ಕೊಮ್ಮೆ ಬಂದು ನಿಲ್ಲುತ್ತಾನೆ, ಮಳಿಗೆಯ ಮಾಲೀಕ ತಿಂಗಳಿಗೊಮ್ಮೆ. ಆ ನಡುವಿನ ತಿಂಗಳುಗಳನ್ನು ದಾಟಿಸುತ್ತಿದ್ದದ್ದು ಪಿಂಚಣಿ. ಮಕ್ಕಳ ಫೀಸು, ಮನೆಯ ಅಕ್ಕಿಬೇಳೆ ಅದರಲ್ಲಿ ಹೋಗುತ್ತಿದ್ದುದರಿಂದ ಗಲ್ಲಾಕ್ಕೆ ಕೈ ಹಾಕಬೇಕಾಗುತ್ತಿರಲಿಲ್ಲ.

ಇನ್ನು ಅಗ್ನಿವೀರನ ಅಂಗಡಿ. ಮಳಿಗೆಯ ಅಡ್ವಾನ್ಸು, ಫ್ರಿಜ್ಜು, ತಕ್ಕಡಿ, ಮೊದಲ ದಾಸ್ತಾನು ಎನ್ನುವಷ್ಟರಲ್ಲಿ ಗಂಟಿನ ದೊಡ್ಡ ಪಾಲು ಕರಗುತ್ತದೆ. ಮಿಕ್ಕದ್ದರಲ್ಲಿ ತಂಗಿಯ ಮದುವೆ, ಅಪ್ಪನ ಸಾಲ. ಇಪ್ಪತ್ತೈದರೊಳಗಿನ ಹುಡುಗ ದುಡ್ಡು ತಂದಿದ್ದಾನೆಂದು ಊರಿಗೆಲ್ಲ ಗೊತ್ತಿರುವಾಗ ಮನೆಯವರಿಗೆ ಇಲ್ಲವೆನ್ನುವುದು ಹೇಗೆ? ಆರನೆಯ ತಿಂಗಳ ಬಾಡಿಗೆ ಎಲ್ಲಿಂದ ಬರಬೇಕು?

ಇನ್ನೊಂದು ಅನ್ಯಾಯದ ಬಗ್ಗೆ ಮಾತೇ ಕಡಿಮೆ. ನಿವೃತ್ತ ಸೈನಿಕರು ವ್ಯಾಪಾರಕ್ಕಿಳಿಯಲೆಂದು ರಕ್ಷಣಾ ಸಚಿವಾಲಯದ ಪುನರ್ವಸತಿ ನಿರ್ದೇಶನಾಲಯ ಹಲವು ದಾರಿಗಳನ್ನು ಮಾಡಿಟ್ಟಿದೆ: ಸೆಕ್ಯುರಿಟಿ ಏಜೆನ್ಸಿಗಳ ನೋಂದಣಿ, ಕಲ್ಲಿದ್ದಲು ಸಾಗಣೆ, ದೆಹಲಿಯಲ್ಲಿ ಮದರ್ ಡೇರಿಯ ಹಾಲಿನ ಬೂತು. ಇವಕ್ಕೆಲ್ಲ ಮಾಜಿ ಸೈನಿಕ ಎಂಬ ಮಾನ್ಯತೆ ಬೇಕು. ಸೇನೆಯ ಭರ್ತಿ ನಿಯಮದ ಪ್ರಕಾರ ಅಗ್ನಿವೀರನಿಗೆ ಆ ಮಾನ್ಯತೆಯೇ ಇಲ್ಲ. ಉದ್ಯಮಿಯಾಗು ಎಂದು ಹೇಳಿದ ಸರ್ಕಾರವೇ, ಸೈನಿಕ ಉದ್ಯಮಿಗಳಿಗೆಂದು ತೆರೆದಿದ್ದ ಬಾಗಿಲನ್ನು ಅವನ ಮುಖಕ್ಕೆ ಮುಚ್ಚಿದೆ.

ಸಾಲ ಇದೆಯಲ್ಲ ಎನ್ನುತ್ತಾರೆ. ಯೋಜನೆ ಪ್ರಕಟವಾದ ವಾರದಲ್ಲೇ ಹಣಕಾಸು ಸಚಿವಾಲಯ ಬ್ಯಾಂಕುಗಳನ್ನು ಕರೆಸಿ ಮಾತಾಡಿತು, ಮುದ್ರಾದಂಥ ಯೋಜನೆಗಳ ಹೆಸರು ಹೇಳಿತು. ಆದರೆ ಮುದ್ರಾ ಸಾಲ ಯಾರು ಬೇಕಾದರೂ ಕೇಳಬಹುದಾದದ್ದು, ಸೈನ್ಯಕ್ಕೆ ಹೋಗಿ ಬಂದವನಿಗೇ ಮಾಡಿದ್ದಲ್ಲ. ಬ್ಯಾಂಕ್ ಗ್ಯಾರಂಟಿಯ ಮೂಲಕ ಸ್ವಉದ್ಯೋಗದ ಸಾಲ ಸಿಗಲೆಂದು ಸೇವಾ ನಿಧಿ ಪಡೆಯುವ ಆಯ್ಕೆಗಳನ್ನು ರೂಪಿಸಲಾಗಿದೆ ಎಂದೂ ನಿಯಮಾವಳಿ ಹೇಳುತ್ತದೆ. ಅಂದರೆ ಸಾಲದ ಬೆನ್ನಿಗೆ ನಿಲ್ಲುವುದು ಸೇವಾ ನಿಧಿಯೇ, ವ್ಯಾಪಾರ ಮುಳುಗಿದರೆ ಅದರ ಜೊತೆ ಮುಳುಗುವುದು ನಾಲ್ಕು ವರ್ಷದ ದುಡಿಮೆ.

ಸೇನೆ ಬಿಟ್ಟವರೂ ಉದ್ಯಮ ಕಟ್ಟಬಹುದು ಎನ್ನಲು ಕ್ಯಾಪ್ಟನ್ ಗೋಪಿನಾಥ್ ಅವರ ಉದಾಹರಣೆಯನ್ನು ಕನ್ನಡಿಗರು ತಪ್ಪದೆ ಕೊಡುತ್ತಾರೆ. ಗೊರೂರಿನ ಮೇಷ್ಟರ ಮಗ, 1971ರ ಯುದ್ಧ ಕಂಡವರು, ಎಂಟು ವರ್ಷಕ್ಕೇ ಸೇನೆ ಬಿಟ್ಟವರು, ಪಿಂಚಣಿ ಇಲ್ಲದೆ ಬಂದವರು. ಜಾವಗಲ್ ಬಳಿ ರೇಷ್ಮೆ ಬೆಳೆದು, 2003ರಲ್ಲಿ ಏರ್ ಡೆಕ್ಕನ್ ವಿಮಾನ ಸಂಸ್ಥೆ ಶುರುಮಾಡಿದರು. ಅವರ ಛಲಕ್ಕೆ ಯಾರಾದರೂ ಕೈಮುಗಿಯಬೇಕು. ಆದರೆ ಅವರು ಅಧಿಕಾರಿಯಾಗಿದ್ದವರು. ಹೇಮಾವತಿ ಅಣೆಕಟ್ಟೆಗೆ ಕುಟುಂಬದ ಜಮೀನು ಮುಳುಗಿದ್ದಕ್ಕೆ ಬದಲಾಗಿ ಸಿಕ್ಕ ಭೂಮಿ ಅವರ ಕಾಲಡಿ ಇತ್ತು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದನ್ನು ಹಚ್ಚಲು ನೆಲವಿತ್ತು. ಎರಡೆಕರೆಯ ಒಣ ಬೇಸಾಯದ ಮನೆಯಿಂದ ಹತ್ತನೇ ತರಗತಿ ಮುಗಿಸಿ ಸೇನೆಗೆ ಹೋದ ಹುಡುಗನನ್ನು ಅವರ ಪಕ್ಕ ನಿಲ್ಲಿಸಿ ಅಳೆಯುವುದು ಇಬ್ಬರಿಗೂ ಮಾಡುವ ಅನ್ಯಾಯ.

ಬೇರೆ ದಾರಿ ಇಲ್ಲವೆಂದೇನಿಲ್ಲ. ಎರಡನೇ ಮಹಾಯುದ್ಧ ಮುಗಿಯುವ ಮೊದಲೇ, 1944ರಲ್ಲಿ, ಅಮೆರಿಕ ಹಿಂದಿರುಗುವ ಸೈನಿಕರಿಗಾಗಿ ಜಿಐ ಬಿಲ್ ಎಂಬ ಕಾಯ್ದೆ ತಂದಿತು. ಅದರಲ್ಲಿ ಓದಿಗೆ ಖರ್ಚಿತ್ತು, ಅಂಗಡಿಗೂ ಜಮೀನಿಗೂ ಸಾಲದ ಖಾತರಿಯಿತ್ತು. ಅದರ ಜೊತೆಗೆ ಸ್ವಂತ ವ್ಯಾಪಾರ ಶುರುಮಾಡಿದವನ ತಿಂಗಳ ಆದಾಯ ನೂರು ಡಾಲರ್ ಮುಟ್ಟದಿದ್ದರೆ, ಕಡಿಮೆ ಬಿದ್ದಷ್ಟನ್ನು ಸರ್ಕಾರವೇ ಒಂದು ಅವಧಿಯವರೆಗೆ ತುಂಬಿಕೊಡುತ್ತಿತ್ತು. ಕಾಯ್ದೆ ಬರೆದವರಿಗೆ ಅಂಗಡಿಯ ಮೊದಲ ವರ್ಷ ಎಂಥದ್ದೆಂದು ತಿಳಿದಿತ್ತು.

ಕೇಂದ್ರ ಸರ್ಕಾರ ಇಷ್ಟನ್ನಾದರೂ ಮಾಡಬೇಕು: ಸ್ವಂತ ಉದ್ಯೋಗಕ್ಕಿಳಿಯುವ ಅಗ್ನಿವೀರನಿಗೆ ಮೊದಲ ಎರಡು ವರ್ಷ ಆದಾಯದ ಕೊರತೆ ತುಂಬಿಕೊಡಲಿ. ಪುನರ್ವಸತಿ ನಿರ್ದೇಶನಾಲಯದ ಯೋಜನೆಗಳ ಮಟ್ಟಿಗಾದರೂ ಅವನನ್ನು ಮಾಜಿ ಸೈನಿಕನೆಂದು ಒಪ್ಪಲಿ. ಸೇವಾ ನಿಧಿಯನ್ನು ಮುಟ್ಟದೆ ಸಾಲಕ್ಕೆ ತಾನೇ ಖಾತರಿ ನಿಲ್ಲಲಿ. ರಾಜ್ಯದ ಸೈನಿಕ ಕಲ್ಯಾಣ ಇಲಾಖೆಯೂ ದೆಹಲಿಯ ಆದೇಶಕ್ಕೆ ಕಾಯುತ್ತ ಕೂರಬೇಕಾಗಿಲ್ಲ. ನಮ್ಮ ಯಾವ ತಾಲ್ಲೂಕಿಗೆ ಎಷ್ಟು ಹುಡುಗರು ಮರಳುತ್ತಾರೆ, ಅವರಿಗೆ ಯಾವ ಕಸುಬು ಗೊತ್ತು ಎಂಬ ಪಟ್ಟಿಯನ್ನು ಮೊದಲ ತಂಡ ರೈಲು ಇಳಿಯುವ ಮೊದಲೇ ಮಾಡಿಟ್ಟುಕೊಳ್ಳಬೇಕು.