ಕ್ಲಚ್ ಪ್ಲೇಟ್ ಬದಲಿಸೋ ಮೊದಲು ಮುಂದಿನ ಹಲ್ಲು ಎಣಿಸಿ

ನಿನ್ನೆ ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾಗಿತ್ತು. ಕೊಟ್ಟೆ ಕಟ್ಟೋರು ಬರ್ತಾರಾ ಇಲ್ವಾ ಅಂತ ದಾರಿ ನೋಡ್ತಾ ಜಗಲಿ ಮೇಲೆ ಕೂತಿದ್ದೆ. ಕೆಳಮನೆ ತಮ್ಮ ಬೈಕನ್ನ ತಳ್ಕೊಂಡೇ ಅಂಗಳಕ್ಕೆ ಬಂದ. "ಅಣ್ಣಾ, ಮತ್ತೆ ಕ್ಲಚ್ ಹೋಯ್ತು, ವರ್ಷದಲ್ಲಿ ಎರಡನೇ ಸಲ" ಅಂದ. ನಾನು ಕ್ಲಚ್ ಕಡೆ ನೋಡ್ಲೇ ಇಲ್ಲ. ಮುಂದಿನ ಸ್ಪ್ರಾಕೆಟ್ಟಿನ ಕವರ್ ಬಿಚ್ಚಿ ಹಲ್ಲು ಎಣಿಸಿದೆ. ಕಂಪನಿ ಕೊಟ್ಟಿದ್ದಕ್ಕಿಂತ ಒಂದು ಹಲ್ಲು ಜಾಸ್ತಿ. "ಮೈಲೇಜ್ ಬರುತ್ತೆ ಅಂದ್ರು, ಹಾಕಿಸ್ದೆ" ಅಂದ.

ನನಗೆ ನಗು ಬರ್ಲಿಲ್ಲ, ಯಾಕಂದ್ರೆ ಇದೇ ಪಾಠ ನಾನು ದುಡ್ಡು ಕೊಟ್ಟು ಕಲಿತದ್ದು. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಪುರುಸೊತ್ತಿದ್ರೆ ಓದಿ.

ಮೂರು ವರ್ಷದ ಹಿಂದೆ ಮಗ ಹಠ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ಎಕ್ಸ್‌ಪಲ್ಸ್ ತಂದ. 200 ಸಿಸಿ, ಎತ್ತರದ ಬೈಕು, ಟಾರು ರಸ್ತೆಗೂ ಆಗುತ್ತೆ, ಗುಡ್ಡಕ್ಕೂ ಆಗುತ್ತೆ ಅನ್ನೋ ಜಾತಿ. ನಾನು ಬೇಡ ಅಂದಿದ್ದೆ. ಆದ್ರೆ ತೋಟದ ದಾರಿಗೆ ಅದೇ ಸರಿ ಅಂತ ಒಂದೇ ವಾರದಲ್ಲಿ ಒಪ್ಪಿಕೊಂಡೆ. ಹಳ್ಳ ದಾಟುತ್ತೆ, ಕಲ್ಲಿಗೆ ಹೊಟ್ಟೆ ತಾಗಲ್ಲ. ಒಂದೇ ತಕರಾರು ಅಂದ್ರೆ ನಮ್ಮ ಸಂಕ ದಾಟಿದ ಮೇಲಿನ ಏರು. ನೋಡಿದವರಿಗೆ ಗೊತ್ತು, ಜಂಬಿಟ್ಟಿಗೆ ಮಣ್ಣು, ಒಂದು ಕಡೆ ಧರೆ, ಇನ್ನೊಂದು ಕಡೆ ಹಳ್ಳ, ಮಧ್ಯದಲ್ಲಿ ಒಂದು ತಿರುವು. ಅಲ್ಲಿ ಮೊದಲನೇ ಗೇರಿನಲ್ಲೂ ಬೈಕು ಎಳೀತಿರಲಿಲ್ಲ. ಅರ್ಧ ಕ್ಲಚ್ ಹಿಡಿದು, ಆಕ್ಸಿಲರೇಟರ್ ಕೊಟ್ಟು, ಹೇಗೋ ಹತ್ತಿಸ್ತಿದ್ದೆ. ಮೇಲೆ ಹೋದಾಗ ಸುಟ್ಟ ವಾಸನೆ.

ಒಂದು ಆಷಾಢದಲ್ಲಿ ನಮ್ಮನೆಯವಳು ಹಿಂದೆ, ಟ್ಯಾಂಕಿನ ಮೇಲೆ ಮೈಲುತುತ್ತದ ಚೀಲ, ತಿರುವಿನಲ್ಲಿ ಬೈಕು ಗಕ್ಕಂತ ಆಫ್ ಆಯ್ತು. ಬ್ರೇಕ್ ಹಿಡಿದ್ರೂ ಮಣ್ಣಿನ ಮೇಲೆ ಚಕ್ರ ಜಾರಿಕೊಂಡು ಹಿಂದಕ್ಕೆ ಬಂತು. ಅವಳು ಧರೆ ಕಡೆ ಹಾರಿಕೊಂಡ್ಲು, ನಾನು ಬೈಕಿನ ಜೊತೆ ಬಿದ್ದೆ. ಇನ್ನೆರಡು ಮಾರು ಹಿಂದೆ ಹೋಗಿದ್ರೆ ಹಳ್ಳ. ನನ್ನ ಮೊಣಕಾಲು ತರಚಿತು, ಅವಳ ಕೈ ಊದಿಕೊಂಡಿತ್ತು, ಅಷ್ಟೇ. ಆದ್ರೆ ಆವತ್ತಿಂದ ಎರಡು ತಿಂಗಳು ಅವಳು ಬೈಕ್ ಹತ್ತಲಿಲ್ಲ. ತಲೆಹೊರೆಯಲ್ಲೇ ಸುಣ್ಣ ಹೊತ್ಲು.

ಕ್ಲಚ್ ಪ್ಲೇಟ್ ಬದಲಿಸಿದ್ವಿ. ನಾಲ್ಕು ತಿಂಗಳಿಗೆ ಮತ್ತೆ ವಾಸನೆ. ಆಗ ಮಗ ಪುಸ್ತಕ ತೆಗೆದು ನೋಡ್ದ. ನಮ್ಮ ಮಾಡೆಲ್ಲಿಗೆ ಮುಂದೆ 13 ಹಲ್ಲು, ಹಿಂದೆ 40 ಇರಬೇಕು. ಎಣಿಸಿದ್ರೆ ಮುಂದೆ 14! ಮೊದಲು ಓಡಿಸ್ತಿದ್ದ ಪುಣ್ಯಾತ್ಮ ಹೈವೇಯಲ್ಲಿ ಆರಾಮಾಗಿ ಹೋಗ್ಲಿ ಅಂತ ಹಾಕಿಸಿದ್ದ. ಅವನ ರಸ್ತೆಗೆ ಅದು ಸರಿಯೇ ಇತ್ತು. ನಮ್ಮ ಏರಿಗೆ ಅಲ್ಲ.

ಈಗ ಲೆಕ್ಕಕ್ಕೆ ಬರೋಣ. ಇದು ಎಸ್ಸೆಸ್ಸೆಲ್ಸಿ ಓದಿದವರಿಗೂ ತಿಳಿಯೋ ಲೆಕ್ಕ. ಹಿಂದಿನ ಹಲ್ಲನ್ನು ಮುಂದಿನ ಹಲ್ಲಿಂದ ಭಾಗಿಸಿ. 40ನ್ನು 14ರಿಂದ ಭಾಗಿಸಿದ್ರೆ 2.86. ಅಂದ್ರೆ ಮುಂದಿನದು 2.86 ಸುತ್ತು ತಿರುಗಿದ್ರೆ ಹಿಂದಿನ ಚಕ್ರ ಒಂದು ಸುತ್ತು. 13 ಆದ್ರೆ 3.08. 12 ಆದ್ರೆ 3.33. ಈ ಸಂಖ್ಯೆ ಏರಿದಷ್ಟೂ ಚಕ್ರಕ್ಕೆ ಎಳೆತ ಜಾಸ್ತಿ, ವೇಗ ಕಮ್ಮಿ. ಇಳಿದಷ್ಟೂ ವೇಗ ಜಾಸ್ತಿ, ಎಳೆತ ಕಮ್ಮಿ. ಇಂಜಿನ್ನಿನ ಶಕ್ತಿ ಒಂದು ಚೂರೂ ಹೆಚ್ಚಾಗಲ್ಲ, ಇದನ್ನ ಮೊದಲು ಮನಸ್ಸಿಗೆ ಹಾಕ್ಕೊಳ್ಳಿ. ಹಾರೆಯಲ್ಲಿ ಕಲ್ಲು ಮೀಟೋವಾಗ ಹಾರೆ ಉದ್ದ ಹಿಡಿದ್ರೆ ಕಲ್ಲು ಸಲೀಸಾಗಿ ಏಳುತ್ತೆ, ಆದ್ರೆ ಕೈ ಜಾಸ್ತಿ ದೂರ ಹೋಗ್ಬೇಕು. ಹಾಗೇ ಇದು. ಮೋಟಾರಿಗೆ ಸಣ್ಣ ಪುಲ್ಲಿ ಹಾಕಿ ಮಿಲ್ಲನ್ನು ನಿಧಾನ ಮಾಡಿದವರಿಗೆ ನಾನು ಹೇಳೋದೇ ಬೇಡ.

14 ತೆಗೆದು 12 ಹಾಕಿದ್ರೆ ಎಳೆತ ನೂರಕ್ಕೆ ಸುಮಾರು 17 ಹೆಚ್ಚಾಯ್ತು. ಅದೇ ಇಂಜಿನ್ ಸ್ಪೀಡಿಗೆ ಮೊದಲು 60ರಲ್ಲಿ ಹೋಗ್ತಿದ್ದ ಬೈಕು ಈಗ 51ರಲ್ಲಿ ಹೋಗುತ್ತೆ. ಕೊಟ್ಟಿದ್ದು ಇಷ್ಟು, ಪಡೆದಿದ್ದು ಇಷ್ಟು. ಬಿಟ್ಟಿ ಏನೂ ಸಿಗಲ್ಲ.

ಇನ್ನೊಂದು ವಿಷಯ. ಮುಂದಿನ ಒಂದು ಹಲ್ಲು ಹಿಂದಿನ ಮೂರು ಹಲ್ಲಿಗೆ ಸಮ ಅಂತ ಅಂದಾಜು ಇಟ್ಕೊಳ್ಳಿ. ಮುಂದೆ 13ರಿಂದ 12ಕ್ಕೆ ಬಂದ್ರೆ ನೂರಕ್ಕೆ 8ರಷ್ಟು ಬದಲಾವಣೆ. ಹಿಂದೆ 40ರಿಂದ 42ಕ್ಕೆ ಹೋದ್ರೆ 5 ಮಾತ್ರ. ದೊಡ್ಡ ಬದಲಾವಣೆ ಬೇಕಿದ್ರೆ, ಖರ್ಚು ಕಮ್ಮಿ ಬೇಕಿದ್ರೆ ಮುಂದಿನದು. ಸಣ್ಣದಾಗಿ ಹೊಂದಿಸಬೇಕಿದ್ರೆ ಹಿಂದಿನದು.

ಕೆಲವರು ಕೇಳ್ತಾರೆ, ನಿಮ್ಮ ಹಳೇ ಸ್ಪ್ಲೆಂಡರ್‌ನಲ್ಲಿ ಎಷ್ಟು ಹಲ್ಲು, ಅದು ಈ ಏರು ಹತ್ತುತ್ತಿತ್ತಲ್ಲ ಅಂತ. ಅದನ್ನೂ ಎಣಿಸಿದ್ದೀನಿ, 14ಕ್ಕೆ 42, ಅಂದ್ರೆ ಸರಿಯಾಗಿ 3. ಆದ್ರೆ ಒಂದು ಬೈಕಿನ ಸಂಖ್ಯೆ ಇನ್ನೊಂದಕ್ಕೆ ಹೋಲಿಸಿ ಪ್ರಯೋಜನ ಇಲ್ಲ. ಇಂಜಿನ್ ಒಳಗಿನ ಗೇರುಗಳೇ ಬೇರೆ, ಚಕ್ರದ ಅಳತೆ ಬೇರೆ, ಭಾರ ಬೇರೆ. ಹೋಲಿಸೋದಾದ್ರೆ ನಿಮ್ಮ ಬೈಕಿನ ಕಂಪನಿ ಸಂಖ್ಯೆ ಜೊತೆ ನಿಮ್ಮ ಬೈಕಿನ ಈಗಿನ ಸಂಖ್ಯೆ, ಅಷ್ಟೇ.

ನಾವು ಮೊದಲು 13 ಹಾಕಿ ಕಂಪನಿ ಲೆಕ್ಕಕ್ಕೆ ತಂದ್ವಿ. ಒಬ್ಬನೇ ಹೋದಾಗ ಏರು ಸಲೀಸು. ಆದ್ರೆ ಹಿಂದೆ 50 ಕೆಜಿ ಪೊಟ್ಯಾಷ್ ಚೀಲ ಕಟ್ಟಿದಾಗ ತಿರುವಿನಲ್ಲಿ ಮತ್ತೆ ಅರ್ಧ ಕ್ಲಚ್. ಅದಕ್ಕೇ 12 ಹಾಕಿದೆ. ಈಗ ಚೀಲದ ಜೊತೆ ಕ್ಲಚ್ ಪೂರ್ತಿ ಬಿಟ್ಟೇ ಹತ್ತುತ್ತೆ. ಇನ್ನೊಂದು ಲಾಭ ನಾನು ಯೋಚನೆ ಮಾಡಿರದದ್ದು, ಇಳಿಯೋವಾಗ. ಮೊದಲನೇ ಗೇರಿನಲ್ಲಿ ಬಿಟ್ರೆ ಇಂಜಿನ್ನೇ ಹಿಡ್ಕೊಳ್ಳುತ್ತೆ. ಒದ್ದೆ ಮಣ್ಣಿನಲ್ಲಿ ಬ್ರೇಕ್ ಒತ್ತಿದ್ರೆ ಚಕ್ರ ಲಾಕ್ ಆಗಿ ಜಾರೋದು ಹೆಚ್ಚು, ಇಂಜಿನ್ ಹಿಡಿತದಲ್ಲಿ ಇಳಿದ್ರೆ ಕಮ್ಮಿ. ನನ್ನ ಪ್ರಕಾರ ನಮ್ಮಂಥ ಜಾಗದಲ್ಲಿ ಹತ್ತೋದಕ್ಕಿಂತ ಇಳಿಯೋದಕ್ಕೇ ಇದು ಹೆಚ್ಚು ಮುಖ್ಯ.

ನಷ್ಟವೂ ಹೇಳ್ತೀನಿ, ಮುಚ್ಚಿಡಲ್ಲ. ಮಗ ಶಿವಮೊಗ್ಗಕ್ಕೆ ಹೋಗಿ ಬಂದು ಮುಖ ದಪ್ಪ ಮಾಡ್ಕೊಂಡ. ಹೈವೇಯಲ್ಲಿ ಇಂಜಿನ್ ಕಿರುಚುತ್ತೆ, ಇನ್ನೊಂದು ಗೇರ್ ಬೇಕು ಅನ್ನಿಸುತ್ತೆ, ಪೆಟ್ರೋಲೂ ಜಾಸ್ತಿ ಕುಡೀತು ಅಂದ. ಅವನು ಹೇಳಿದ್ದು ನಿಜ. ಸಣ್ಣ ಸ್ಪ್ರಾಕೆಟ್ಟಿನಲ್ಲಿ ಚೈನು ಬಿಗಿಯಾಗಿ ಬಾಗಬೇಕು, ಹಾಗಾಗಿ ಚೈನೂ ಹಲ್ಲೂ ಬೇಗ ಸವೆಯುತ್ತೆ. ಹಿಂದಿನ ಸ್ವಿಂಗ್ ಆರ್ಮ್ ಮೇಲೆ ಇರೋ ರಬ್ಬರ್ ಪಟ್ಟಿಗೆ ಚೈನು ಹತ್ತಿರ ಬಂದು ಉಜ್ಜುತ್ತೆ, ಅದನ್ನ ಆಗಾಗ ನೋಡ್ತಿರಬೇಕು. 12ಕ್ಕಿಂತ ಕೆಳಗೆ ಹೋಗೋ ಯೋಚನೆ ನಾನಂತೂ ಮಾಡಲ್ಲ.

ಇಲ್ಲೇ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಸ್ಪ್ರಾಕೆಟ್ ಆರಿಸೋದು ನಿಮ್ಮ ಬೈಕಿನ ಅತಿ ಕಷ್ಟದ ಕೆಲಸ ನೋಡಿ, ಅತಿ ಖುಷಿಯ ಓಡಾಟ ನೋಡಿ ಅಲ್ಲ. ತಿಂಗಳಿಗೆ ಒಂದು ಸಲ ಪೇಟೆಗೆ ಹೋಗೋವಾಗ 10 ಕಿಲೋಮೀಟರ್ ನಿಧಾನ ಹೋದ್ರೆ ನಷ್ಟ ಅರ್ಧ ಗಂಟೆ. ದಿನಾ ಹತ್ತೋ ಏರಿನಲ್ಲಿ ಗೇರ್ ಸಾಲದಿದ್ರೆ ನಷ್ಟ ಕ್ಲಚ್ಚು, ಇಲ್ಲಾ ಕಾಲು. ಮೈಲೇಜಿನ ಆಸೆಗೆ ಮುಂದೆ ದೊಡ್ಡದು ಹಾಕಿಸೋರಿಗೆ ಹೇಳೋದೂ ಇದನ್ನೇ. ಸಪಾಟು ರಸ್ತೆಯಲ್ಲಿ ಒಂದೇ ಗತಿಯಲ್ಲಿ ಹೋಗೋರಿಗೆ ಲಾಭ ಆದೀತು. ನಮ್ಮ ಕಡೆ ನಾಲ್ಕನೇ ಗೇರಿನಲ್ಲಿ ಹತ್ತಬೇಕಾದ್ದನ್ನ ಮೂರರಲ್ಲಿ, ಮೂರರದ್ದನ್ನ ಎರಡರಲ್ಲಿ ಹತ್ತಿಸಿದ್ರೆ ಉಳಿಸಿದ ಪೆಟ್ರೋಲ್ ಎಲ್ಲಿಂದ ಬಂತು? ಉಳಿದ್ರೂ ಒಂದು ಕ್ಲಚ್ ಪ್ಲೇಟಿಗೆ ಅದೆಲ್ಲಾ ಹೋಯ್ತು.

ಮೇಲಿನಮನೆ ಮಾವ ಇದಕ್ಕೆ ಒಪ್ಪಲ್ಲ. "ಕಂಪನಿ ಇಂಜಿನಿಯರ್‌ಗಿಂತ ನಿನಗೆ ಹೆಚ್ಚು ಗೊತ್ತಾ?" ಅಂತಾರೆ. ಮಾತಿನಲ್ಲಿ ಅರ್ಥ ಇದೆ. ಟಾರು ರಸ್ತೆ ಪಕ್ಕ ಮನೆ ಇದ್ದು, ಹಾಲಿನ ಡೈರಿಗೆ, ಸೊಸೈಟಿಗೆ ಓಡಾಡೋರಿಗೆ ನಾನೂ ಅದನ್ನೇ ಹೇಳ್ತೀನಿ, ಕಂಪನಿ ಹಲ್ಲು ಮುಟ್ಟಬೇಡಿ. ಹೊಸ ಬೈಕಾದ್ರೆ ವಾರಂಟಿ ಏನಾಗುತ್ತೆ ಅಂತ ಸರ್ವೀಸಿನಲ್ಲಿ ಕೇಳದೆ ಕೈ ಹಾಕಬೇಡಿ. ಆದ್ರೆ ಇಂಜಿನಿಯರು ರಾಜಸ್ಥಾನದ ಮರಳಿಗೂ ಬೆಂಗಳೂರಿನ ಟ್ರಾಫಿಕ್ಕಿಗೂ ಸೇರಿಸಿ ಒಂದು ಲೆಕ್ಕ ಇಟ್ಟಿರ್ತಾನೆ. ನಮ್ಮ ಸಂಕದಾಚೆ ಏರನ್ನ ಅವನು ನೋಡಿಲ್ಲ. ಒಂದೇ ಗೊಬ್ಬರದ ಲೆಕ್ಕ ಎಲ್ಲಾ ತೋಟಕ್ಕೂ ಹಾಕ್ತೀವಾ? ಮಣ್ಣು ನೋಡಿ ಹಾಕಲ್ವಾ?

ಬದಲಿಸೋದೇ ಆದ್ರೆ ನಾನು ಕಂಡುಕೊಂಡದ್ದು ಇಷ್ಟು:

1. ಒಂದು ಸಲಕ್ಕೆ ಒಂದು ಹಲ್ಲು. ಹಾಕಿ 15 ದಿನ ಎಲ್ಲಾ ಕೆಲಸಕ್ಕೂ ಓಡಿಸಿ ನೋಡಿ, ಆಮೇಲೆ ಮುಂದಿನದು.

2. ಹಳೇ ಚೈನಿಗೆ ಹೊಸ ಸ್ಪ್ರಾಕೆಟ್ ಹಾಕಬೇಡಿ. ಹಿಗ್ಗಿದ ಚೈನು ಹೊಸ ಹಲ್ಲನ್ನ ಬೇಗ ತಿಂದುಹಾಕುತ್ತೆ. ಹಿಂದಿನ ಸ್ಪ್ರಾಕೆಟ್ಟಿನ ಹಿಂಭಾಗದಲ್ಲಿ ಚೈನನ್ನ ಬೆರಳಿಂದ ಎಳೀರಿ, ಅರ್ಧ ಹಲ್ಲು ಕಾಣೋ ಹಾಗೆ ಎದ್ದು ಬಂದ್ರೆ ಅದರ ಆಯುಷ್ಯ ಮುಗೀತು. ಹಲ್ಲು ಕೊಕ್ಕೆ ಹಾಗೆ ಒಂದೇ ಕಡೆ ಬಾಗಿದ್ರೂ ಅಷ್ಟೇ. ಆಗ ಮೂರನ್ನೂ ಸೆಟ್ಟಾಗಿ ಬದಲಿಸಿ. ಹಲ್ಲು ಬದಲಿಸೋ ಆಲೋಚನೆ ಇದ್ರೆ ಅದೇ ಒಳ್ಳೇ ಸಮಯ.

3. ಮುಂದೆ ಒಂದು ಹಲ್ಲು ಕಮ್ಮಿ ಆದ್ರೆ ಚೈನ್ ಬಿಗಿ ಮಾಡೋಕೆ ಹಿಂದಿನ ಚಕ್ರ ಸುಮಾರು 3 ಮಿಲಿಮೀಟರ್ ಹಿಂದಕ್ಕೆ ಹೋಗ್ಬೇಕು. ಹಿಂದೆ ಹಲ್ಲು ಜಾಸ್ತಿ ಮಾಡಿದ್ರೆ ಚಕ್ರ ಮುಂದಕ್ಕೆ ಬರ್ಬೇಕು, ಜಾಗ ಇಲ್ಲದಿದ್ರೆ ಉದ್ದದ ಚೈನ್ ಬೇಕು. ಎರಡೂ ಬದಿಯ ಗುರುತು ಸಮ ಇರಲಿ. ಹಿಂದೆ ಡ್ರಮ್ ಬ್ರೇಕ್ ಇದ್ರೆ ಪೆಡಲ್ ಮತ್ತೆ ಅಡ್ಜಸ್ಟ್ ಮಾಡಿ, ಮರೀಬೇಡಿ.

4. ಚೈನ್ ತೀರಾ ಬಿಗಿ ಬೇಡ. ಇಂಥ ಬೈಕಿನಲ್ಲಿ ಹಿಂದಿನ ಚಕ್ರ ಜಾಸ್ತಿ ಮೇಲೆ ಕೆಳಗೆ ಆಡುತ್ತೆ. ನಿಂತಾಗ ಸರಿ ಕಂಡ ಚೈನು ಚೀಲ ಹೇರಿದಾಗ ತಂತಿ ಹಾಗೆ ಆಗಬಹುದು. ಪುಸ್ತಕದಲ್ಲಿ ಹೇಳಿದಷ್ಟು ಸಡಿಲ ಬಿಟ್ಟು, ಆಮೇಲೆ ಇಬ್ಬರು ಕೂತು ಒಮ್ಮೆ ನೋಡಿ.

5. ಚೈನ್ ಲಾಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡೋ ದಿಕ್ಕಿಗೆ ಇರಬೇಕು. ತಿರುಗಿಸಿ ಹಾಕಿದ್ರೆ ಕಡ್ಡಿಯೋ ಕಲ್ಲೋ ತಾಗಿ ಹಾರಿಹೋಗುತ್ತೆ.

6. ಕೆಲವು ಬೈಕಿನಲ್ಲಿ ಮೀಟರ್ ಮುಂದಿನ ಚಕ್ರದಿಂದ ಓಡುತ್ತೆ, ಅದಕ್ಕೆ ತೊಂದರೆ ಇಲ್ಲ. ಗೇರ್‌ಬಾಕ್ಸಿನಿಂದ ಓಡೋದಾದ್ರೆ ಸಣ್ಣ ಸ್ಪ್ರಾಕೆಟ್ ಹಾಕಿದ ಮೇಲೆ ವೇಗವನ್ನೂ ಕಿಲೋಮೀಟರನ್ನೂ ಜಾಸ್ತಿ ತೋರಿಸುತ್ತೆ. ಆಗ ಆ ಕಿಲೋಮೀಟರ್ ನಂಬಿ ಮೈಲೇಜ್ ಲೆಕ್ಕ ಹಾಕಿ ಖುಷಿ ಪಡಬೇಡಿ.

7. ಟ್ರ್ಯಾಕ್ಟರ್, ಟಿಲ್ಲರಿನಿಂದ ತೆಗೆದ ಸುಟ್ಟ ಆಯಿಲ್ ಚೈನಿಗೆ ಹಾಕೋ ಅಭ್ಯಾಸ ಬಿಡಿ. ನಾನೂ ಹಾಕ್ತಿದ್ದೆ. ಅದರಲ್ಲಿ ಕಬ್ಬಿಣದ ಪುಡಿ ಇರುತ್ತೆ. ಮಳೆಗಾಲದಲ್ಲಿ ಕೆಸರು ತೊಳೆದು, ಒರೆಸಿ, 90 ನಂಬರ್ ಗೇರ್ ಆಯಿಲ್ ತೆಳ್ಳಗೆ ಸವರಿದ್ರೆ ಸಾಕು.

ಮಗನ ಜೊತೆ ರಾಜಿ ಹೇಗಾಯ್ತು ಅಂತ ಕೇಳ್ತೀರಿ. ಬೈಕು ಓಡೋದು ಎಲ್ಲಿ ಅಂತ ಒಂದು ತಿಂಗಳು ಕ್ಯಾಲೆಂಡರಿನಲ್ಲಿ ಬರೆದಿಟ್ವಿ. 26 ದಿನ ತೋಟ, ಗದ್ದೆ, ಸೊಸೈಟಿ. ಎರಡು ದಿನ ಶಿವಮೊಗ್ಗ. ಉಳಿದ ದಿನ ಮಳೆಗೆ ಮನೆಯಲ್ಲೇ. ಅವನೇ ನೋಡಿ, "ಇರ್ಲಿ ಬಿಡಪ್ಪ, 12 ಇರ್ಲಿ, ಶಿವಮೊಗ್ಗಕ್ಕೆ ಬಸ್ಸಿದೆ" ಅಂದ. ನೀವೂ ಹಾಗೆ ಬರೆದು ನೋಡಿ. ನಿಮ್ಮ ಕ್ಯಾಲೆಂಡರ್ 13 ಅಂದ್ರೆ 13 ಹಾಕಿ. ನನ್ನದು ನೋಡಿ ಯಾರೂ 12 ಹಾಕಬೇಡಿ.

ಕೆಳಮನೆ ತಮ್ಮನಿಗೆ ಸದ್ಯ ಕಂಪನಿ ಹಲ್ಲು ಹಾಕ್ಸು ಅಂದಿದ್ದೀನಿ. ಅವನ ದಾರಿಗೆ ಅಷ್ಟು ಸಾಕು ಅನ್ಸುತ್ತೆ.

ನಮ್ಮನೆಯವಳು ಈಗ ಮತ್ತೆ ಹಿಂದೆ ಕೂರ್ತಾಳೆ. ಆದ್ರೆ ಆ ತಿರುವು ಬಂದಾಗ ಇನ್ನೂ ನನ್ನ ಅಂಗಿ ಗಟ್ಟಿ ಹಿಡ್ಕೊಳ್ತಾಳೆ. ಅದಕ್ಕೆ ಯಾವ ಸ್ಪ್ರಾಕೆಟ್ಟೂ ಇಲ್ಲ.

ನಿಮ್ಮ ಬೈಕಿನ ಹಲ್ಲು ಎಣಿಸಿದ್ರೆ, ಏರು ಎಂಥದ್ದು, ಎಷ್ಟು ಭಾರ ಹೇರ್ತೀರಿ ಅಂತ ಸೇರಿಸಿ ಇಲ್ಲಿ ಬರೀರಿ. ನಾಲ್ಕು ಜನರಿಗೆ ಉಪಯೋಗ ಆಗುತ್ತೆ. ಮಳೆ ಮತ್ತೆ ಕಟ್ಟಿಕೊಳ್ತಿದೆ, ಕೊಟ್ಟೆ ಕಟ್ಟೋರು ಇವತ್ತೂ ಬರೋ ಹಾಗೆ ಕಾಣಲ್ಲ.