ಏಳು ಆಸನ, ಏಳು ಬೆಲ್ಟು: ಊರಿಗೆ ಹೊರಡುವ ವಾಹನದಲ್ಲಿ ಮಕ್ಕಳ ಜಾಗ ಯಾವುದು?

ಪಂಚಮಿಗೋ ಚೌತಿಗೋ ದೀಪಾವಳಿಗೋ ಮ್ಹಾಪಸಾದ ಕನ್ನಡ ಕುಟುಂಬಗಳು ಊರಿನ ದಾರಿ ಹಿಡಿಯುವ ನೋಟ ನಮಗೆಲ್ಲ ಪರಿಚಿತವಾದುದು. ಡಿಚೋಲಿ, ಸಾಖಳಿ ದಾಟಿ, ಚೋರ್ಲಾ ಘಟ್ಟ ಹತ್ತಿ, ಕಣಕುಂಬಿ, ಜಾಂಬೋಟಿಗಳ ಮೂಲಕ ಬೆಳಗಾವಿ. ಅಲ್ಲಿಂದ ಮುಂದೆ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಹಳ್ಳಿಗಳು. ಬಸ್ಸಿಗಾಗಿ ಕಾಯುತ್ತಿದ್ದ ಮನೆಗಳಲ್ಲಿ ಕೆಲವು ಈಗ ಮೂರು ಸಾಲಿನ ವಾಹನವನ್ನು ಕೊಳ್ಳುತ್ತಿವೆ. ಕೊಳ್ಳಲಾಗದವರು ಎರಡು ಮನೆ ಕೂಡಿ ಬಾಡಿಗೆಗೆ ಹಿಡಿಯುತ್ತಾರೆ. ಅಜ್ಜ, ಅಜ್ಜಿ, ಮಕ್ಕಳು ಎಲ್ಲರೂ ಒಂದೇ ವಾಹನದಲ್ಲಿ ಹೋಗಬಹುದೆಂಬುದೇ ಈ ಆಯ್ಕೆಯ ಮೂಲ ಕಾರಣ.

ಆದರೆ ವಾಹನ ಹೊರಡುವ ಹೊತ್ತಿಗೆ ನಡೆಯುವುದೇನು? ದೊಡ್ಡವರು ಮೊದಲು ಕೂರುತ್ತಾರೆ. ಉಳಿದ ಜಾಗ ಮಕ್ಕಳದು. ಕೂಸು ತಾಯಿಯ ಮಡಿಲಲ್ಲಿ, ಶಾಲೆಗೆ ಹೋಗುವ ಮಕ್ಕಳು ಹಿಂದಿನ ಸಾಲಿನಲ್ಲಿ ಚೀಲಗಳ ನಡುವೆ. ಬಸ್ಸಿನಲ್ಲಿ ಮಗುವಿಗೆ ಅರ್ಧ ಟಿಕೆಟು ಇರಬಹುದು. ಅಪಘಾತದಲ್ಲಿ ಅರ್ಧ ತಲೆಯೆಂಬ ಲೆಕ್ಕವಿಲ್ಲ. ಮೂರು ಸಾಲಿನ ವಾಹನವನ್ನು ಆರಿಸುವಾಗ ಎಷ್ಟು ಜನ ಹಿಡಿಯುತ್ತಾರೆಂಬುದಕ್ಕಿಂತ, ಎಷ್ಟು ಮಕ್ಕಳನ್ನು ಸರಿಯಾಗಿ ಕಟ್ಟಿ ಕೂರಿಸಬಹುದೆಂಬುದನ್ನು ಮೊದಲು ಕೇಳಬೇಕೆಂಬುದು ನಮ್ಮ ವಾದ.

ಕಾನೂನು ಈ ಪ್ರಶ್ನೆಯನ್ನು ಈಗಾಗಲೇ ಕೇಳಿದೆ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಂದ ತಿದ್ದುಪಡಿಯ 194ಬಿ ಕಲಮಿನ ಪ್ರಕಾರ, 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದಾಗಲಿ ಮಕ್ಕಳ ಸುರಕ್ಷಾ ಆಸನದಿಂದಾಗಲಿ ಭದ್ರಪಡಿಸದೆ ವಾಹನ ಓಡಿಸಿದರೆ 1,000 ರೂಪಾಯಿ ದಂಡ. ಓಡಿಸಿದವರಷ್ಟೇ ಅಲ್ಲ, ಹಾಗೆ ಓಡಿಸಲು ಬಿಟ್ಟವರೂ ಹೊಣೆಗಾರರು. 2019ರ ಸೆಪ್ಟೆಂಬರ್ 1ರಿಂದ ಇದು ಜಾರಿಯಲ್ಲಿದೆ. ಹೆಲ್ಮೆಟ್ಟಿನ ದಂಡ ಎಲ್ಲರಿಗೂ ಗೊತ್ತು. ಇದನ್ನು ಬಲ್ಲವರು ನಮ್ಮಲ್ಲಿ ವಿರಳ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಅಪಘಾತದಲ್ಲಿ ತೀರಿಕೊಂಡಾಗ ಹಿಂದಿನ ಆಸನದ ಬೆಲ್ಟಿನ ಚರ್ಚೆ ದೇಶದ ತುಂಬ ನಡೆಯಿತು. ಬೆಲೆಬಾಳುವ ಕಾರು ಅದು. ಬೆಲ್ಟು ಧರಿಸದೆ ಹಿಂದೆ ಕುಳಿತಿದ್ದ ಇಬ್ಬರೂ ಉಳಿಯಲಿಲ್ಲ, ಮುಂದೆ ಕುಳಿತಿದ್ದ ಇಬ್ಬರು ಬದುಕಿದರು. ಹಿಂದಿನ ಸಾಲು ತಾನಾಗಿಯೇ ಸುರಕ್ಷಿತವೆಂಬ ನಂಬಿಕೆಗೆ ಇದಕ್ಕಿಂತ ಕಠೋರವಾದ ಉತ್ತರ ಬೇಕಿಲ್ಲ.

ಮಡಿಲು ಏಕೆ ಸಾಲದು? ಗಂಟೆಗೆ 50 ಕಿಲೋಮೀಟರ್ ವೇಗದ ವಾಹನವು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತುಬಿಟ್ಟರೆ, 10 ಕಿಲೋ ತೂಕದ ಕೂಸನ್ನು ಹಿಡಿದಿಡಲು ಸುಮಾರು 140 ಕಿಲೋ ಭಾರವನ್ನು ತಡೆಯುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಅದು ಸಾಧ್ಯವಿಲ್ಲ. ತಾಯಿ ಬೆಲ್ಟು ಕಟ್ಟಿಕೊಂಡಿರದಿದ್ದರೆ ಅವಳ ಭಾರವೂ ಕೂಸಿನ ಮೇಲೆಯೇ ಬೀಳುತ್ತದೆ. ಇದು ಪ್ರೀತಿಯ ಕೊರತೆಯಲ್ಲ, ತೂಕ ಮತ್ತು ವೇಗದ ಲೆಕ್ಕ.

ಈಗ ಮಾರುಕಟ್ಟೆಯ ಸಂಗತಿಗೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಬದಲಾವಣೆಯಿಂದ ಅನೇಕರು ವಾಹನ ಕೊಳ್ಳುವ ವಿಚಾರ ಮಾಡುತ್ತಿದ್ದಾರೆ. ನಾಲ್ಕು ಮೀಟರ್ ಮೀರದ, 1,200 ಸಿಸಿವರೆಗಿನ ಪೆಟ್ರೋಲ್ ಅಥವಾ 1,500 ಸಿಸಿವರೆಗಿನ ಡೀಸೆಲ್ ಕಾರುಗಳಿಗೆ ಶೇ 18. ಅದಕ್ಕಿಂತ ದೊಡ್ಡವುಗಳಿಗೆ ಶೇ 40. ಮೂರು ಸಾಲಿದ್ದೂ ನಾಲ್ಕು ಮೀಟರಿನೊಳಗೆ ನಿಲ್ಲುವ ರೆನೋ ಟ್ರೈಬರ್ ಮೊದಲ ಗುಂಪಿಗೆ ಸೇರಿದರೆ, ಮಾರುತಿ ಎರ್ಟಿಗಾ, ಕಿಯಾ ಕಾರೆನ್ಸ್, ಟೊಯೊಟಾ ಇನ್ನೋವಾ ಎರಡನೆಯ ಗುಂಪಿಗೆ ಸೇರುತ್ತವೆ. ತೆರಿಗೆಯ ಈ ಗೆರೆ ಉದ್ದ ಮತ್ತು ಎಂಜಿನ್ನನ್ನು ನೋಡಿ ಎಳೆದುದು. ಮಕ್ಕಳ ಸುರಕ್ಷತೆಯನ್ನು ನೋಡಿ ಎಳೆದುದಲ್ಲ. ಆದುದರಿಂದ ಅಗ್ಗವಾಯಿತೆಂದೋ ದುಬಾರಿಯೆಂದೋ ಸುರಕ್ಷತೆಯ ತೀರ್ಮಾನಕ್ಕೆ ಬರಲಾಗದು.

ಸುರಕ್ಷತೆಯನ್ನು ಅಳೆಯುವುದು ಬೇರೆಯದೇ ಪರೀಕ್ಷೆ. ಭಾರತ್ ಎನ್‌ಕ್ಯಾಪ್ ಎಂಬ ನಮ್ಮ ದೇಶದ ವ್ಯವಸ್ಥೆ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಇಲ್ಲಿನ ಕಾರುಗಳನ್ನು ಪರೀಕ್ಷಿಸುತ್ತಿತ್ತು. ಎರಡರಲ್ಲಿಯೂ ವಯಸ್ಕರಿಗೆ ಬೇರೆ, ಮಕ್ಕಳಿಗೆ ಬೇರೆ ನಕ್ಷತ್ರಗಳಿವೆ. ಮಾರಾಟಗಾರರು ಸಾಮಾನ್ಯವಾಗಿ ಹೇಳುವುದು ಮೊದಲನೆಯದನ್ನು. ಎರಡರ ನಡುವಿನ ಅಂತರವನ್ನು ನೋಡಿ: ಮಹೀಂದ್ರಾ ಸ್ಕಾರ್ಪಿಯೊ-ಎನ್ 2022ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವಯಸ್ಕರಿಗೆ ಐದು ನಕ್ಷತ್ರ ಪಡೆದರೂ ಮಕ್ಕಳಿಗೆ ಪಡೆದುದು ಮೂರು. ಕಿಯಾ ಕಾರೆನ್ಸ್ 2024ರಲ್ಲಿ ಸುಧಾರಣೆಯ ಬಳಿಕ ವಯಸ್ಕರಿಗೆ ಮೂರು, ಮಕ್ಕಳಿಗೆ ಐದು ಪಡೆಯಿತು. ಭಾರತ್ ಎನ್‌ಕ್ಯಾಪ್‌ನ ಮೊದಲ ಫಲಿತಾಂಶಗಳಲ್ಲೊಂದಾದ ಟಾಟಾ ಸಫಾರಿ ಎರಡರಲ್ಲಿಯೂ ಐದು. ಮಕ್ಕಳ ವಿಭಾಗದಲ್ಲಿ 49ಕ್ಕೆ 44.54 ಅಂಕ. 2025ರಲ್ಲಿ ಇನ್ನೋವಾ ಹೈಕ್ರಾಸ್ ಕೂಡ ಐದು ನಕ್ಷತ್ರ ಗಳಿಸಿತು.

ಹೆಸರು ಒಂದೇ ಇದ್ದರೂ ಫಲಿತಾಂಶ ಒಂದೇ ಇರುವುದಿಲ್ಲ. ಎರ್ಟಿಗಾ 2019ರಲ್ಲಿ ವಯಸ್ಕರಿಗೂ ಮಕ್ಕಳಿಗೂ ಮೂರು ನಕ್ಷತ್ರ ಪಡೆದಿತ್ತು. ನಿಯಮಗಳು ಬಿಗಿಯಾದ ಮೇಲೆ, 2024ರಲ್ಲಿ ಆಫ್ರಿಕಾಕ್ಕೆ ಕಳುಹಿಸುವ ಭಾರತ ನಿರ್ಮಿತ ಎರ್ಟಿಗಾ ವಯಸ್ಕರಿಗೆ ಒಂದು, ಮಕ್ಕಳಿಗೆ ಎರಡು ಪಡೆಯಿತು. ಇಲ್ಲಿ ಮಾರುವ ಎರ್ಟಿಗಾಕ್ಕೆ 2025ರಲ್ಲಿ ಎಲ್ಲ ಮಾದರಿಗಳಲ್ಲಿಯೂ ಆರು ಏರ್‌ಬ್ಯಾಗ್ ಬಂದಿವೆ. ಹಾಗಾಗಿ ನಕ್ಷತ್ರವೆಷ್ಟು ಎಂದು ಕೇಳುವುದರ ಜತೆಗೆ ಯಾವ ವರ್ಷದ್ದು, ಯಾವ ಮಾದರಿಯದು, ಮಕ್ಕಳಿಗೆಷ್ಟು ಎಂದೂ ಕೇಳಬೇಕು.

ನಕ್ಷತ್ರಗಳು ಹೇಳದ ಮಾತೂ ಒಂದಿದೆ, ಅದು ಮೂರನೆಯ ಸಾಲಿನದು. ಪರೀಕ್ಷೆಯಲ್ಲಿ ಹದಿನೆಂಟು ತಿಂಗಳ ಮತ್ತು ಮೂರು ವರ್ಷದ ಮಕ್ಕಳ ಗಾತ್ರದ ಬೊಂಬೆಗಳನ್ನು ಕೂರಿಸುವುದು ಎರಡನೆಯ ಸಾಲಿನಲ್ಲಿ. ವಾಹನವನ್ನು ಮುಂದಿನಿಂದ ಮತ್ತು ಪಕ್ಕದಿಂದ ಗುದ್ದಿಸಿ ನೋಡುತ್ತಾರೆ. ನಕ್ಷತ್ರ ನೀಡುವ ಈ ಪರೀಕ್ಷೆಗಳಲ್ಲಿ ಹಿಂದಿನಿಂದ ಲಾರಿ ಬಂದು ಗುದ್ದುವ ಸಂದರ್ಭವಿಲ್ಲ. ಚಿಕ್ಕ ವಾಹನಗಳಲ್ಲಿ ಮೂರನೆಯ ಸಾಲಿನಲ್ಲಿ ಕುಳಿತವರ ತಲೆಗೂ ಹಿಂದಿನ ಗಾಜಿಗೂ ನಡುವೆ ಗೇಣುಗಳ ಲೆಕ್ಕದ ಅಂತರವಷ್ಟೇ. ಆ ಸಾಲಿಗೆ ತನ್ನದೇ ಆದ ಪಕ್ಕದ ಬಾಗಿಲಿಲ್ಲ. ಮುಂದಿನ ಆಸನ ಮಡಚಿದರೆ ಮಾತ್ರ ಹೊರಬರಬಹುದು. ಹಾಗೆಂದು ಮೂರನೆಯ ಸಾಲನ್ನು ಬಳಸಲೇಬಾರದೆಂದಲ್ಲ. ಅಲ್ಲಿ ಕೂರುವವರು ತಾವೇ ಬೆಲ್ಟು ಬಿಚ್ಚಿ ಹೊರಬರಬಲ್ಲವರಾಗಿರಬೇಕು. ಕೂಸು, ಪುಟ್ಟ ಮಕ್ಕಳು ಮಧ್ಯದ ಸಾಲಿನವರು.

ಅಂಗಡಿಯಲ್ಲಿ ವಾಹನ ನೋಡುವಾಗ ಐದು ಸಂಗತಿಗಳನ್ನು ಕೈಯಾರೆ ಪರಿಶೀಲಿಸಬೇಕೆಂದು ನಾವು ಸೂಚಿಸುತ್ತೇವೆ. ಒಂದು, ಪ್ರತಿ ಆಸನಕ್ಕೂ ಭುಜದ ಮೇಲಿನಿಂದ ಬರುವ ಮೂರು ಬಿಂದುವಿನ ಬೆಲ್ಟು ಇದೆಯೇ? ಸೊಂಟಕ್ಕೆ ಮಾತ್ರ ಬರುವ ಬೆಲ್ಟಿನಲ್ಲಿ ಬೂಸ್ಟರ್ ಬಳಸಲಾಗದು. ಎರಡು, ಮಕ್ಕಳ ಆಸನವನ್ನು ನೇರವಾಗಿ ಕೊಂಡಿಗೆ ಸಿಕ್ಕಿಸುವ ಐಸೋಫಿಕ್ಸ್ ಎಲ್ಲೆಲ್ಲಿದೆ? ಸಾಮಾನ್ಯವಾಗಿ ಅದು ಎರಡನೆಯ ಸಾಲಿನ ಎರಡು ಬದಿಗಳಲ್ಲಿ ಮಾತ್ರ ಇರುತ್ತದೆ. ಮೂರು ಪುಟ್ಟ ಮಕ್ಕಳಿರುವ ಮನೆಗೆ ಮೂರನೆಯ ಆಸನವನ್ನು ಬೆಲ್ಟಿನಿಂದಲೇ ಕಟ್ಟಬೇಕಾಗುತ್ತದೆ. ಮೂರು, ಪಕ್ಕದ ಪರದೆ ಏರ್‌ಬ್ಯಾಗ್ ಮೂರನೆಯ ಸಾಲಿನವರೆಗೂ ಚಾಚುತ್ತದೆಯೇ? ನಾಲ್ಕು, ಮಕ್ಕಳ ಆಸನ ಕಟ್ಟಿದ ಮೇಲೂ ಹಿಂದಿನ ಸಾಲಿಗೆ ದಾರಿ ಉಳಿಯುತ್ತದೆಯೇ? ಐದು, ಮೂರು ಸಾಲನ್ನೂ ನಿಲ್ಲಿಸಿದಾಗ ಸಾಮಾನಿಗೆ ಎಷ್ಟು ಜಾಗ ಮಿಗುತ್ತದೆ? ಮನೆಯಲ್ಲಿ ಮಕ್ಕಳ ಆಸನವಿದ್ದರೆ ಅದನ್ನು ಜತೆಗೆ ಒಯ್ದು ಕೂರಿಸಿ ನೋಡುವುದೇ ಮೇಲು.

ನಾಲ್ಕನೆಯದನ್ನು ಅನೇಕರು ಕೊಂಡ ಮೇಲೆ ಅರಿಯುತ್ತಾರೆ. ಮಧ್ಯದ ಸಾಲಿನ ಎರಡೂ ಬದಿಯಲ್ಲಿ ಆಸನ ಬಿಗಿದರೆ ಅದನ್ನು ಮಡಚಲಾಗುವುದಿಲ್ಲ, ಹಿಂದಕ್ಕೆ ಹೋಗಲು ದಾರಿಯಿಲ್ಲ. ಮಧ್ಯದಲ್ಲಿ ಎರಡು ಬಿಡಿ ಆಸನಗಳಿರುವ ಆರು ಆಸನದ ಮಾದರಿಯಲ್ಲಿ ನಡುವೆ ದಾರಿ ಇರುತ್ತದೆ. ಆದರೆ ಒಂದು ತಲೆ ಕಡಿಮೆ. ಏಳು ಜನರ ಮನೆಯೊಂದನ್ನು ಊಹಿಸಿಕೊಳ್ಳಿ: ತಂದೆ, ತಾಯಿ, ಅಜ್ಜ, ಅಜ್ಜಿ, ಒಂಬತ್ತು, ಐದು ಮತ್ತು ಒಂದು ವರ್ಷದ ಮಕ್ಕಳು. ತಂದೆ ಓಡಿಸಲಿ, ಅಜ್ಜ ಮುಂದೆ ಕೂರಲಿ. ಮಧ್ಯದ ಸಾಲಿನಲ್ಲಿ ಚಾಲಕನ ಹಿಂದೆ ಕೂಸಿನ ಆಸನ ಬಿಗಿಯಿರಿ, ನಡುವೆ ಅಜ್ಜಿ, ಎಡಬದಿಗೆ, ಎತ್ತಿಡಲು ಸುಲಭವಾದ ಬೂಸ್ಟರಿನ ಮೇಲೆ ಐದು ವರ್ಷದ ಮಗು. ಎಡಬದಿಯ ಆಸನ ಮಡಚಿ ತಾಯಿ ಮತ್ತು ಒಂಬತ್ತು ವರ್ಷದ ಮಗು ಹಿಂದಕ್ಕೆ ಹೋಗಿ ಕುಳಿತ ಮೇಲೆ ಬೂಸ್ಟರನ್ನು ಇಟ್ಟುಕೊಳ್ಳಬಹುದು. ಕೂಸು ಅಜ್ಜಿಯ ಮಡಿಲಲ್ಲಿ ಇರದಿದ್ದರೂ ಮಗ್ಗುಲಲ್ಲೇ ಇರುತ್ತದೆ. ಎಂಟನೆಯವರಿಗೆ ಇಲ್ಲಿ ಜಾಗವಿಲ್ಲ. ಅವರು ಬಸ್ಸು ಹಿಡಿಯಬೇಕು. ಸಾಮಾನನ್ನು ಹಿಂದಿನ ಸಾಲಿನವರ ಕುತ್ತಿಗೆಯ ಮಟ್ಟಕ್ಕೆ ಪೇರಿಸಬಾರದು. ಅಪಘಾತದಲ್ಲಿ ಜೋಳದ ಚೀಲವೂ ತೆಂಗಿನಕಾಯಿಯೂ ಗುಂಡಿನಂತೆ ಮುಂದಕ್ಕೆ ನುಗ್ಗುತ್ತವೆ.

ಆಸನಗಳಲ್ಲಿಯೂ ವಯಸ್ಸಿಗೆ ತಕ್ಕ ಮೂರು ಹಂತಗಳಿವೆ. ಕೂಸು ಹಿಂದಕ್ಕೆ ಮುಖ ಮಾಡಿ ಕೂರಬೇಕು. ಯುರೋಪಿನ ಆರ್129 ನಿಯಮದಲ್ಲಿ ಕನಿಷ್ಠ 15 ತಿಂಗಳವರೆಗೆ, ಆಸನದ ಮಿತಿಯವರೆಗೂ ಹಾಗೆಯೇ ಕೂರಿಸಿದರೆ ಇನ್ನೂ ಒಳಿತು. ಅನಂತರ ಮುಂದಕ್ಕೆ ಮುಖ ಮಾಡಿದ, ಎದೆ ಮತ್ತು ಸೊಂಟವನ್ನು ಪಟ್ಟಿಗಳಿಂದ ಬಿಗಿಯುವ ಆಸನ. ಆಮೇಲೆ ಬೂಸ್ಟರ್: ದೊಡ್ಡವರ ಬೆಲ್ಟು ಹೊಟ್ಟೆಯ ಮೇಲೆ ಅಲ್ಲದೆ ಸೊಂಟದ ಎಲುಬಿನ ಮೇಲೆ, ಕುತ್ತಿಗೆಗೆ ತಾಗದೆ ಭುಜದ ನಡುವೆ ಬರುವಷ್ಟು ಮಗು ಎತ್ತರವಾಗುವವರೆಗೆ, ಅಂದರೆ 135ರಿಂದ 150 ಸೆಂಟಿಮೀಟರಿನವರೆಗೆ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಆಸನದಲ್ಲಿ ಹಿಂಮುಖ ಆಸನವನ್ನು ಎಂದಿಗೂ ಇಡಕೂಡದು. ಉಬ್ಬುವ ಚೀಲವೇ ಕೂಸಿಗೆ ಪ್ರಾಣಾಂತಕವಾದೀತು.

ನಮ್ಮ ಓದುಗರಲ್ಲಿ ಅನೇಕರು ಕೊಳ್ಳುವುದು ಹೊಸ ವಾಹನವನ್ನಲ್ಲ, ಕೈ ಬದಲಾದುದನ್ನು. ಅವರಿಗೆ ಕೆಲವು ದಿನಾಂಕಗಳು ನೆನಪಿರಬೇಕು. ಚಾಲಕನ ಏರ್‌ಬ್ಯಾಗ್, ಮುಂದಿನ ಆಸನಗಳ ಬೆಲ್ಟಿನ ಎಚ್ಚರಿಕೆ ಮತ್ತು ವೇಗದ ಎಚ್ಚರಿಕೆ 2019ರ ಜುಲೈ 1ರಿಂದ ಕಡ್ಡಾಯವಾದವು. ಮುಂದಿನ ಪ್ರಯಾಣಿಕನ ಏರ್‌ಬ್ಯಾಗ್ ಎಲ್ಲ ಮಾದರಿಗಳಿಗೆ ಕಡ್ಡಾಯವಾದುದು 2021ರ ಕೊನೆಯ ಹೊತ್ತಿಗೆ. ಇದಕ್ಕಿಂತ ಹಳೆಯ ವಾಹನದಲ್ಲಿ ಇವು ಇದ್ದೇ ಇರುತ್ತವೆಂದು ನಂಬಬಾರದು. ಹಳೆಯ ಜೀಪು ಮಾದರಿಯ ವಾಹನಗಳ ಹಿಂಬದಿಯಲ್ಲಿ ಎದುರುಬದುರಾಗಿ ಕೂರುವ ಅಡ್ಡ ಬೆಂಚುಗಳಿದ್ದರೆ, ಅಲ್ಲಿ ಮಕ್ಕಳ ಆಸನ ಕಟ್ಟಲಾಗದು. ಅಂಥದನ್ನು ಮಕ್ಕಳ ಪ್ರಯಾಣಕ್ಕೆ ಆರಿಸಲೇಬಾರದು. ಹೊದಿಕೆಯ ಕೆಳಗೆ ಹೂತುಹೋದ ಬೆಲ್ಟುಗಳನ್ನು ಹೊರತೆಗೆಸಿ, ಪ್ರತಿಯೊಂದನ್ನೂ ಸಿಕ್ಕಿಸಿ ಎಳೆದು ನೋಡಿಯೇ ಮುಂಗಡ ಕೊಡಿ. ಬಾಡಿಗೆ ವಾಹನಕ್ಕೂ ಇದೇ ಮಾತು: ದರ ಕೇಳುವ ಮೊದಲು ಬೆಲ್ಟು ಕೇಳಿ.

ಇಷ್ಟೆಲ್ಲವೂ ಮನೆಯವರದೇ ಹೊಣೆಯೆಂದು ನಾವು ಹೇಳುತ್ತಿಲ್ಲ. ದಂಡ ವಿಧಿಸುವ ಸರಕಾರ ಮಕ್ಕಳ ಆಸನ ಕೂಲಿಕಾರನ ಮನೆಗೂ ಎಟುಕುವಂತೆ ಮಾಡಿಲ್ಲ. ಭಾರತ್ ಎನ್‌ಕ್ಯಾಪ್ ಇಂದಿಗೂ ಕಂಪನಿಗಳ ಇಚ್ಛೆಗೆ ಬಿಟ್ಟ ಪರೀಕ್ಷೆ. ಪ್ರಯಾಣಿಕ ಕಾರುಗಳಿಗೆ ಆರು ಏರ್‌ಬ್ಯಾಗ್ ಕಡ್ಡಾಯ ಮಾಡುವ ಕರಡು 2022ರಲ್ಲಿ ಬಂದು, ಮುಂದೂಡಲ್ಪಟ್ಟು, 2023ರಲ್ಲಿ ಕೈಬಿಡಲ್ಪಟ್ಟಿತು. ದೊಡ್ಡ ಕಾರಿಗೆ ಶೇ 40 ತೆರಿಗೆ ತೆರುವವರಲ್ಲಿ ಐಷಾರಾಮಕ್ಕೆ ಕೊಳ್ಳುವವರಷ್ಟೇ ಅಲ್ಲ, ಅಜ್ಜ ಅಜ್ಜಿಯರನ್ನು ಬಿಟ್ಟುಹೋಗಲಾರದ ಕುಟುಂಬಗಳೂ ಇವೆ. ಮಕ್ಕಳ ಸುರಕ್ಷತೆಯಲ್ಲಿ ಉತ್ತಮ ಅಂಕ ಪಡೆದ ವಾಹನಕ್ಕೆ ರಿಯಾಯಿತಿ ಕೊಡುವ ಆಲೋಚನೆ ನಮ್ಮ ಜನಪ್ರತಿನಿಧಿಗಳಿಂದ ಬರಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಕೂಸಿನ ಆಸನ ಒಂದು ಮಗುವಿಗೆ ಒಂದೆರಡು ವರ್ಷ ಮಾತ್ರ ಬೇಕಾಗುತ್ತದೆ; ಅನಂತರ ಅದು ಅಟ್ಟ ಸೇರುತ್ತದೆ. ಅಪಘಾತ ಕಾಣದ, ಅವಧಿ ಮೀರದ, ಪ್ರಮಾಣದ ಚೀಟಿ ಉಳಿದಿರುವ ಆಸನಗಳನ್ನು ಶಾಲೆಯ ಪಾಲಕರ ಸಭೆಯ ಮೂಲಕವೋ ಊರಿನ ಕನ್ನಡ ಸಂಘದ ಮೂಲಕವೋ ಒಂದು ಮನೆಯಿಂದ ಇನ್ನೊಂದಕ್ಕೆ ದಾಟಿಸಬಹುದು. ಹಿನ್ನೆಲೆ ತಿಳಿಯದ ಆಸನವನ್ನು ಸಂತೆಯಲ್ಲಿ ಕೊಳ್ಳುವುದಕ್ಕಿಂತ, ಪರಿಚಿತ ಮನೆಯಿಂದ ಪಡೆಯುವುದು ಕ್ಷೇಮ. ಪಠ್ಯಪುಸ್ತಕವನ್ನು ಅಣ್ಣನಿಂದ ತಮ್ಮನಿಗೆ, ಅಲ್ಲಿಂದ ನೆರೆಮನೆಗೆ ದಾಟಿಸಿ ಓದಿದ ಸಮುದಾಯ ನಮ್ಮದು. ಇದೂ ಅಷ್ಟೇ ಸುಲಭದ ಕೆಲಸ.

ಮುಂದಿನ ಹಬ್ಬಕ್ಕೆ ವಾಹನ ಹೊರಡುವ ಮುನ್ನ ಮನೆಯ ಹಿರಿಯರು ಬುತ್ತಿ, ನೀರು, ಚೀಲಗಳನ್ನು ಎಣಿಸುತ್ತಾರೆ. ಆ ಎಣಿಕೆಗೆ ಇನ್ನೊಂದನ್ನು ಸೇರಿಸಿಕೊಳ್ಳಲಿ: ಎಷ್ಟು ತಲೆ, ಎಷ್ಟು ಬೆಲ್ಟು. ಎರಡೂ ಸಮನಾದಾಗ ಮಾತ್ರ ವಾಹನ ಹೊರಡಲಿ.