ಹಳೆಯ ಎಂಜಿನ್ನಿಗೆ ಯಾರು ದಿಕ್ಕು?

"ಹಳೆಯ ಮಾರುತಿ 800, ಹೇಗೂ ಗುಜರಿಗೆ ಹೋಗುವುದೇ. ಹುಡುಗರು ರೇಸ್ ಓಡಿಸಿ ಖುಷಿಪಡಲಿ ಬಿಡಿ" ಎನ್ನುವ ಅಪ್ಪಂದಿರು ಭಟ್ಕಳದಿಂದ ಕುಮಟಾದವರೆಗೂ ಇದ್ದಾರೆ. ನಾನಿದನ್ನು ಒಪ್ಪುವುದಿಲ್ಲ.

ಲಕ್ಷ ಕಿಲೋಮೀಟರ್ ದಾಟಿದ ಎಂಜಿನ್ನೂ ಅಪರೂಪಕ್ಕೊಮ್ಮೆ ರೇಸಿಗೆ ಇಳಿಯಬಹುದು; ಆದರೆ ಅದಕ್ಕೆ ಹೊಸದಕ್ಕಿಂತ ಹೆಚ್ಚಿನ ಆರೈಕೆ ಬೇಕು. ಸವೆದ ಎಂಜಿನ್ ಆಯಿಲ್ ಕುಡಿಯುತ್ತದೆ. ಆಯಿಲ್ ಕಡಿಮೆಯಿದ್ದಾಗ ವೇಗದಲ್ಲಿ ತಿರುವು ಹೊಡೆದರೆ ಅದು ಒಂದೇ ಬದಿಗೆ ಸರಿದು, ಪಂಪು ಗಾಳಿ ಎಳೆದು, ಬೇರಿಂಗ್ ಸವೆದು ಎಂಜಿನ್ ಸೀಜ್ ಆಗುತ್ತದೆ. ರೇಡಿಯೇಟರಿಗೆ ಬರೇ ಬಾವಿ ನೀರು ಸುರಿದರೆ ಒಳಗೆ ತುಕ್ಕು, ಕೂಲೆಂಟ್ ಹಾಕಬೇಕು. ಟೈಮಿಂಗ್ ಬೆಲ್ಟನ್ನು ಅವಧಿಗೆ ಸರಿಯಾಗಿ ಬದಲಿಸಬೇಕು. ಇಷ್ಟಕ್ಕೆ ದುಡ್ಡಿಲ್ಲ ಎನ್ನುವವನು ರೇಸಿನ ಮಾತೆತ್ತಬಾರದು.

ಎಂಜಿನ್ ಗಟ್ಟಿಯಿದ್ದರೂ ಹೊನ್ನಾವರದ ಹೆದ್ದಾರಿ 66 ರೇಸಿನ ಅಂಗಳವಲ್ಲ. ಅದನ್ನು ದಾಟಿ ನಮ್ಮ ಮಕ್ಕಳು ಶಾಲೆಗೆ ಬರುತ್ತಾರೆ. ಸರಕಾರದ ಒಪ್ಪಿಗೆಯಿಲ್ಲದೆ ರಸ್ತೆಯಲ್ಲಿ ರೇಸ್ ಓಡಿಸುವುದು 1988ರ ಮೋಟಾರು ವಾಹನ ಕಾಯಿದೆಯ 189ನೇ ಕಲಮಿನಂತೆ ಅಪರಾಧ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ರೇಸಿಗೆಂದೇ ಟ್ರ್ಯಾಕಿದೆ. ಆಸೆಯಿದ್ದವರು ಅಲ್ಲಿಗೆ ಹೋಗಲಿ.

ಅಕ್ಕಂದಿರೇ, ಇದು ಗಂಡಸರ ವಿಷಯವೆಂದು ಸುಮ್ಮನಿರಬೇಡಿ. ಆಸ್ಪತ್ರೆಯ ಬಾಗಿಲಲ್ಲಿ ಕಾಯುವವರು ನಾವೇ ಅಲ್ಲವೇ? ಮಗ ಕಾರಿನ ಚಾವಿ ಕೇಳಿದರೆ, ಮೊದಲು ಆಯಿಲ್ ಕಡ್ಡಿ ಎಳೆದು ತೋರಿಸು ಎನ್ನಿ. ಆಮೇಲೆ, ಎಲ್ಲಿಗೆ ಹೊರಟೆ ಎಂದು ಕೇಳಿ.